ಕ್ಲಾರೆನ್ಸರ ಖಾಲಿ ಚರಣ

ಮೇಜಿನ ಮೇಲೆ ಒಂದು ಟೇಪ್‌ರೆಕಾರ್ಡರ್. ಮುಚ್ಚಳ ತೆರೆದೇ ಇದೆ. ಒಳಗಿನ ಕ್ಯಾಸೆಟ್ಟಿನ ಬಿಳಿ ಪಟ್ಟಿಯ ಮೇಲೆ ನೀಲಿ ಶಾಯಿಯಲ್ಲಿ ‘ಇನ್ನಂಜೆ ಮಾಷ್ಟ್ರಿಗೆ, ಚರಣ ಖಾಲಿ’ ಎಂದು ಬರೆದಿದೆ. ಪಕ್ಕದಲ್ಲೊಂದು ಹಾಳೆ. ಅದರ ನೆತ್ತಿಯಲ್ಲಿ ಪಲ್ಲವಿಯ ಎರಡು ಸಾಲು, ಕೆಳಗೆ ಹೊಡೆದುಹಾಕಿದ ಹನ್ನೊಂದು ಸಾಲು, ಅದರ ಕೆಳಗೆ ಬರೀ ಬಿಳುಪು. ಆ ಬಿಳುಪಿನ ಮೇಲೆ ಮಡಚದ ಕನ್ನಡಕ. ಅದರ ಗಾಜಿನಲ್ಲಿ ಕಿಟಕಿಯ ಸರಳುಗಳು ಬಾಗಿ ನಿಂತಿವೆ.

೧೯೯೯ರ ಫೆಬ್ರವರಿಯ ಆ ಮಧ್ಯಾಹ್ನ, ಇನ್ನಂಜೆಯ ನನ್ನ ಮನೆಯಲ್ಲಿ, ನಾನು ಆ ಮೇಜಿನಿಂದ ದೂರ ಕುಳಿತಿದ್ದೆ. ಇಪ್ಪತ್ತು ವರ್ಷಗಳಿಂದ ಕಾಪುವಿನ ಕ್ಲಾರೆನ್ಸರು ರಾಗ ಕಟ್ಟುತ್ತಿದ್ದರು, ನಾನು ಮಾತು ಕಟ್ಟುತ್ತಿದ್ದೆ. ರಾಗವೇ ಮೊದಲು. ಮಾತಿಲ್ಲದೆಡೆ ಅವರು ಉಡುಪಿ ಬಸ್ಸಿನ ನಿಲ್ದಾಣಗಳನ್ನು ತುಂಬಿ ಹಾಡಿ ಕಳಿಸುತ್ತಿದ್ದರು: ‘ಪಾಂಗಾಳ, ಕಟಪಾಡಿ, ಉದ್ಯಾವರ, ಕಿನ್ನಿಮುಲ್ಕಿ...’ ಅವನ್ನು ತೆಗೆದು ಕವಿತೆ ಕೂರಿಸುವುದು ನನ್ನ ಕೆಲಸ. ಈ ಸಲ ತಿಂಗಳಾದರೂ ಕೂರಲಿಲ್ಲ. ಮರುದಿನ ಮಣಿಪಾಲದಲ್ಲಿ ಅವರ ಗಂಟಲಿನ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಇದು ಆ ಕಂಠದ ಕೊನೆಯ ಹಾಡೆಂದು ತಿಳಿದಂದಿನಿಂದ ನಾನು ಬರೆದದ್ದೆಲ್ಲ ಶ್ರದ್ಧಾಂಜಲಿಯಾಗುತ್ತಿತ್ತು.

ಬಾಗಿಲು ತಳ್ಳಿಕೊಂಡು ಅವರೇ ಬಂದರು. ಕುತ್ತಿಗೆಗೆ ಮಫ್ಲರ್, ಕೈಯಲ್ಲಿ ಬಟ್ಟೆಯ ಚೀಲ.

“ಎಂತ ಮಾಷ್ಟ್ರೇ, ಇನ್ನೂ ಪಲ್ಲವಿಯಲ್ಲೇ ಕೂತಿದ್ದೀರಾ? ಹೆಂಡತಿ ಮಣಿಪಾಲದಲ್ಲಿ ಕಾಯ್ತಾ ಇದ್ದಾಳೆ. ಸಂಜೆಯೊಳಗೆ ಅಡ್ಮಿಟ್ ಆಗ್ಲಿಕ್ಕುಂಟು.”

ಕನ್ನಡಕ ಸರಿಸಿ, ಹಾಳೆಯನ್ನೆತ್ತಿ ಹೊಡೆದ ಸಾಲುಗಳನ್ನು ಓದಿದರು. “‘ಶೂನ್ಯದ ಕೊಡ, ಮೌನದ ಮೊಳೆ.’ ನಿಮ್ಮ ಶೂನ್ಯ ಹಾಡ್ಲಿಕ್ಕೂ ಉಸಿರು ಬೇಕಲ್ಲ ಮಾರಾಯ್ರೆ!”

“ಆಗುವುದಿಲ್ಲ ಕ್ಲಾರೆನ್ಸ್. ಕ್ಷಮಿಸಿ.”

ಅವರು ನಕ್ಕರು, ನಗು ಕೆಮ್ಮಾಯಿತು. “ಹಾಗಾದ್ರೆ ನನ್ನ ಬಸ್ಸಿನಲ್ಲೇ ಹೋಗುವ,” ಎಂದು ಕಣ್ಣು ಮುಚ್ಚಿ ಮೆಲ್ಲಗೆ ಎತ್ತಿಕೊಂಡರು: ಪಾಂಗಾಳ, ಕಟಪಾಡಿ, ಉದ್ಯಾವರ...

ಇಷ್ಟು ವರ್ಷ ನಾನು ಕಸದಂತೆ ಗುಡಿಸಿದ ಹೆಸರುಗಳು. ನನ್ನ ಪದಗಳೆಲ್ಲ ಅವರ ಕಾಯಿಲೆಯನ್ನು ಅರಿತು ತಲೆ ತಗ್ಗಿಸಿ ಬರುತ್ತಿದ್ದವು. ಈ ಹೆಸರುಗಳಿಗೆ ಮಾತ್ರ ಅದು ಗೊತ್ತಿರಲಿಲ್ಲ. ಮೇಜಿಗೆ ಬಂದು ಕನ್ನಡಕ ಹಾಕಿಕೊಂಡು, ಅವರು ಹಾಡುತ್ತಿದ್ದಂತೆಯೇ ಬರೆದೆ:

ಪಾಂಗಾಳದಲ್ಲಿ ಹತ್ತಿದ ಗಾಳಿ ಕಟಪಾಡಿಗಿಳಿಯಿತು,
ಉದ್ಯಾವರದ ಸೇತುವೆ ಮೇಲೆ ಬೆಳಕೊಂದುಳಿಯಿತು.

ಅವರು ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡು ಓದಿದರು. “ಈ ಗಾಳಿಯ ಟಿಕೇಟು ನನ್ನದೇ ಅಲ್ವಾ?” ಎಂದರು.

ಮುಚ್ಚಳ ಹಾಕಿ ಕೆಂಪು ಗುಂಡಿ ಒತ್ತಿದೆ. ಪಲ್ಲವಿ ಸಲೀಸಾಗಿ ದಾಟಿತು. ಚರಣದ ಎರಡನೆಯ ಸಾಲಿನಲ್ಲಿ, ‘ಸೇತುವೆ’ಯ ಮೇಲೆ, ಕಂಠ ಬಿರಿಯಿತು. ಅವರು ನಿಲ್ಲಿಸಲಿಲ್ಲ, ಸ್ವರವಿಲ್ಲದ ಬರೀ ಉಸಿರಿನಲ್ಲೇ ಸಾಲು ಮುಗಿಸಿದರು.

“ಇನ್ನೊಮ್ಮೆ ಹಾಡುತ್ತೀರಾ?”

“ಬೇಡ. ಅಳಿಸ್ಬೇಡಿ, ಹಾಗೇ ಇರ್ಲಿ.” ಚೀಲ ಹೆಗಲಿಗೇರಿಸಿದರು. “ಮುಂದಿನ ಸಲ ನಿಮ್ಮ ಮೌನಕ್ಕೆ ನಾನೇ ಸರಿಯಾದ ಜನ, ಮಾಷ್ಟ್ರೇ.”

ಏನಾದರೂ ಹೇಳಬೇಕೆಂದು ಎದ್ದೆ. ಅಷ್ಟರಲ್ಲಿ ಅವರು ಹೊಸ್ತಿಲು ದಾಟಿದ್ದರು. ರೆಕಾರ್ಡಿಂಗ್ ನಿಲ್ಲಿಸಲು ನಾನು ಮರೆತಿದ್ದೆ. ಟೇಪು ತಿರುಗುತ್ತಲೇ ಇದ್ದಾಗ, ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.