ತಳವಾರನ ಅರ್ಜಿ

ಹೊಳೆನರಸೀಪುರದ ಮಿಡ್ಲ್ ಸ್ಕೂಲಿನ ಕನ್ನಡ ಪಂಡಿತ ಶಾಂತಿಕುಮಾರರಿಗೆ ಭಾನುವಾರವೂ ಬಿಡುವಿಲ್ಲ. ಅಕ್ಷರ ಬಲ್ಲವರ ಮನೆಯೆಂದರೆ ಧರ್ಮಛತ್ರವೇ ತಾನೆ. ಅರ್ಜಿ ಬರೆಸುವವರು ತಪ್ಪುವುದಿಲ್ಲ. ಅಂದು ಬಂದವನು ಹಳೇಕೋಟೆ ಕಡೆಯ ತಿಮ್ಮಪ್ಪ. ಊರು ಕಾಯುವುದು, ತಮಟೆ ಹೊಡೆದು ಸಾರುವುದು, ಅಧಿಕಾರಿಗಳು ಬಂದರೆ ನೀರು ಸೌದೆ ಹೊರುವುದು, ಹೀಗೆ ತಲೆತಲಾಂತರದಿಂದ ಅವನ ಮನೆತನಕ್ಕೆ ತಳವಾರಿಕೆ. ಅರವತ್ಮೂರರಲ್ಲಿ ಸರ್ಕಾರ ವಂಶಪಾರಂಪರ್ಯದ ಹಳ್ಳಿ ಹುದ್ದೆಗಳನ್ನೆಲ್ಲ ಕಿತ್ತುಹಾಕಿದಾಗ ಅದೂ ಹೋಯಿತು. ಈಗ ತಾಲ್ಲೂಕು ಕಚೇರಿಯಲ್ಲಿ ಒಂದು ಜವಾನನ ಕೆಲಸ ಖಾಲಿಯಿತ್ತು. ಅದು ಸಿಕ್ಕದಿದ್ದರೆ ಅವನಿಗೆ ಕಂಡವರ ಹೊಲದ ಕೂಲಿಯೇ ಗತಿ.

‘ತಳವಾರ’ ಎಂದು ಕೇಳಿದ್ದೇ ಪಂಡಿತರ ಬತ್ತಿದ ಮುಖದಲ್ಲಿ ಜೀವ ಬಂತು. ಹನ್ನೊಂದು ವರ್ಷ ಅವರು ಆ ಒಂದು ಪದದ ಬೆನ್ನು ಹತ್ತಿದ್ದರು. ಅದರ ಮೇಲೆ ಬರೆದ ಪ್ರಬಂಧವನ್ನು ಪತ್ರಿಕೆಗಳು ಹಿಂದಕ್ಕೆ ಕಳಿಸಿದ್ದವು, ಜೊತೆಯ ಮೇಷ್ಟರುಗಳು ನಕ್ಕಿದ್ದರು, ಹೆಂಡತಿ ತ್ರಿಶಲಾ ಆ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಸಾಕಾಗಿಹೋಗಿತ್ತು ಅವರಿಗೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅರ್ಜಿಯ ನಡುವೆ ಆ ಪದದ ಮೂಲವನ್ನು ಬರೆದೇಬಿಟ್ಟು, ಓದಿ ಹೇಳಿದರು:

“ತಳವಾರ ಎಂಬುದು ಪ್ರಾಕೃತ ಶಾಸನಗಳ ತಲವರ ಎಂಬ ಪದ. ಅಂದು ತಲವರನೆಂದರೆ ಅರಸನ ಮಗ್ಗುಲಲ್ಲಿ ಕೂರುವ ಅಧಿಕಾರಿ. ಮಹಾತಲವರರಿಗೆ ರಾಜರು ಮಗಳನ್ನು ಕೊಟ್ಟದ್ದೂ ಉಂಟು.”

ತಿಮ್ಮಪ್ಪ ಕಾಗದದ ಕಡೆ ಬೊಟ್ಟುಮಾಡಿದ.

“ಅದ ತಗದಾಕ್ಬುಡಿ ಸಾ.”

“ಯಾಕಯ್ಯಾ? ಸುಳ್ಳಲ್ಲ ಕಣಯ್ಯ, ಕಲ್ಲಿನ ಮೇಲೇ ಕೆತ್ತಿದ್ದಾರೆ.”

“ನಿಜಾನೇ ಇರ್ಬೋದು ಸಾ. ಆದ್ರೆ ಅಷ್ಟು ದೊಡ್ಡ ಮನೆಯೋನು ಅಂದ್ರೆ, ಎಂಜಲು ಲೋಟ ತೊಳಿ ಅಂತ ಯಾವ ಸಾಹೇಬ್ರು ಏಳ್ತಾರೆ? ಇವ್ನಿಗೆ ಕೊಬ್ಬು ಅಂದ್ಕತಾರೆ. ನೀರು ಒರ್ತೀನಿ, ಕಸ ಒಡಿತೀನಿ ಅಂತ ಬರೀರಿ, ಅಷ್ಟು ಸಾಕು.”

ಪಂಡಿತರಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಕೋಪಕ್ಕೂ ತ್ರಾಣ ಬೇಕಲ್ಲ. ಹನ್ನೊಂದು ವರ್ಷದ ದುಡಿಮೆ ಒಬ್ಬ ಬಡವನ ಅನ್ನಕ್ಕೆ ಅಡ್ಡ ಬರುವುದಾದರೆ ಅದಕ್ಕಿಷ್ಟು ಬೆಂಕಿ ಬೀಳಲಿ ಎನಿಸಿತು. ಗೀಟೆಳೆಯಲು ಪೆನ್ನು ಹಿಡಿದು ಬಗ್ಗಿದರು.

“ತಡೀರಿ ಸಾ.” ತಿಮ್ಮಪ್ಪ ಬೀದಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಗೀಟು ಒಡಿಯಾಕ್ ಮುಂಚೆ ಇನ್ನೊಂದ್ಸಲ ಓದಿ. ವಸಿ ನಿಧಾನಕ್ಕೆ.”

ಪಂಡಿತರು ಕಾಗದ ಎತ್ತಿಕೊಂಡರು. ಮೊದಲ ಪದದಿಂದಲೇ, ಒಂದೊಂದಕ್ಷರವನ್ನೂ ಬಿಡಿಸಿ ಓದತೊಡಗಿದರು.