ಎರಡು ನಕ್ಷತ್ರದ ಸಹಿ

ನನ್ನ ಹೆಸರು ಗುರುಚರಣ್. ಕೊಡಿಗೇಹಳ್ಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ನಾನು ಎಂಟ್ರಿ ಕೊಟ್ಟರೆ ಬೀದಿನಾಯಿಗಳೂ ಸೈಡಿಗೆ ಸರಿಯುತ್ತವೆ. ನೀವು ಚಪ್ಪಲಿ ಸವೆಸಿದರೂ ಆಗದ ಸರ್ಕಾರಿ ಕೆಲಸವನ್ನು ನಾನು ಒಂದೇ ಡೈಲಾಗಿನಲ್ಲಿ ಮುಗಿಸಿದ್ದೇನೆ. ಕುಡಿದು ಗಾಡಿ ಓಡಿಸಿ ಲೈಸೆನ್ಸ್ ಕಳಕೊಂಡ ನಮ್ಮ ಮಾವನಿಗೆ, ಆಫೀಸು ಮುಚ್ಚಲು ಹತ್ತು ನಿಮಿಷ ಇರುವಾಗ ಮತ್ತೆ ವಿಚಾರಣೆ ಕೊಡಿಸಿದವನು ನಾನೇ. ಶಿಳ್ಳೆ ಹೊಡೆಯುವವರು ಈಗಲೇ ಹೊಡೆದುಬಿಡಿ. ಆಮೇಲೆ ಮನಸ್ಸು ಬರಲಿಕ್ಕಿಲ್ಲ.

ಮಾವ ಅಂದರೆ ಅಮ್ಮನ ತಮ್ಮ ಪುಟ್ಟಣ್ಣ. ಇರುವುದು ನಮ್ಮ ಮನೆಯಲ್ಲೇ. ಹದಿನೆಂಟು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಆ ವ್ಯಾನಿನ ಹಿಂದಿನ ಗಾಜಿನ ಮೇಲೆ ಬಿಳಿ ಪೇಂಟಿನಲ್ಲಿ ನನ್ನ ಆಟೋಗ್ರಾಫ್ ಇದೆ. ಉದ್ದ ಬಾಲದ ‘ಗು’, ಕೆಳಗೊಂದು ಗೆರೆ, ಗೆರೆಯ ಎರಡೂ ತುದಿಗೆ ಒಂದೊಂದು ನಕ್ಷತ್ರ. ಹೀರೋ ಆಗುವ ದಿನಕ್ಕೆ ಬೇಕಾಗುತ್ತದೆಂದು ಎಸ್‌ಎಸ್‌ಎಲ್‌ಸಿಯಿಂದ ಪ್ರಾಕ್ಟೀಸ್ ಮಾಡಿದ್ದು. ಮಾವ ದಿನಾ ಬೆಳಿಗ್ಗೆ ಅದನ್ನು ಒರೆಸುತ್ತಾ, “ಇದ್ಯಾವನ ಜಾತಕಾನೋ,” ಎಂದು ಬೈಯುತ್ತಿದ್ದ.

ಒಂದು ಭಾನುವಾರ ನಮ್ಮ ಪಕ್ಕದ ಸಿಂಗಾಪುರ ಹಳ್ಳಿಯಲ್ಲಿ ನಾಮಕರಣದ ಊಟ. ಮಾವ ಎರಡು ಬಿಯರ್ ಹಾಕಿ ಸಂಜೆ ಸ್ಕೂಟರಿನಲ್ಲಿ ಬರುತ್ತಿದ್ದಾಗ ಪೊಲೀಸರು ಮೆಷಿನ್ ಊದಿಸಿದರು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ. ಲೈಸೆನ್ಸ್ ಮಾತ್ರ ಸಾರಿಗೆ ಕಚೇರಿಗೆ ಹೋಯಿತು. ಅಲ್ಲಿಂದ ನೋಟಿಸ್ ಬರುತ್ತದೆ, ಅದರಲ್ಲಿ ಬರೆದ ಗಡುವಿನೊಳಗೆ ಹೋಗಿ ನಿಮ್ಮ ಮಾತು ಹೇಳಿ ಎಂದರು ಪೊಲೀಸರು. ವ್ಯಾನಿನಲ್ಲಿ ಮಕ್ಕಳಿರುವಾಗ ಒಂದು ದಿನವೂ ಕುಡಿದವನಲ್ಲ, ಇದೇ ಮೊದಲ ತಪ್ಪು ಎಂದು ಹೇಳಲು ಮಾವ ರೆಡಿಯಾಗಿ ಕಾದ.

ಬಂದದ್ದು ನೇರ ಆದೇಶ. ವಿಚಾರಣೆಗೆ ಹಾಜರಾಗಿಲ್ಲ, ಆದ್ದರಿಂದ ಆರು ತಿಂಗಳು ಲೈಸೆನ್ಸ್ ಅಮಾನತು. ಒಪ್ಪಿಗೆಯಿಲ್ಲದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ.

“ನೋಟಿಸೇ ಬರ್ದೆ ಎಂಗ್ಲಾ ಓಗೋದು?” ಮಾವ ಆ ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದ. “ಆರ್ ತಿಂಗ್ಳು ಕೂತ್ರೆ ಸ್ಕೂಲ್ನೋರು ರೂಟ್ ಬೇರೆಯವ್ರಿಗೆ ಕೊಟ್ಬಿಡ್ತಾರೆ. ಈ ವಯಸ್ಸಲ್ಲಿ ನಂಗ್ಯಾರ್ಲಾ ಇನ್ನೊಂದ್ ರೂಟ್ ಕೊಡ್ತಾರೆ?”

“ನಾನಿದೀನಲ್ಲ ಮಾವ! ಗುರು ಅಖಾಡಕ್ಕೆ ಇಳಿದ್ರೆ ಫೈಲು ತಾನಾಗೇ ಎದ್ದು ಬರುತ್ತೆ.”

ಫೈಲು ಏಳಲಿಲ್ಲ. ಮಾವನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ದಿನಾ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆಂದೆ. ಒಂದು ದಿನ ಆದೇಶದ ನಕಲಿಗೆ ಸೀಲಿಲ್ಲ ಎಂದರು. ಸೀಲು ಹಾಕಿಸಿದರೆ ಕೋರ್ಟಿನ ರಸೀದಿ ಎಲ್ಲಿ ಎಂದರು. ರಸೀದಿ ತಂದ ದಿನ ಸಾಹೇಬರು ಮೀಟಿಂಗ್‌ನಲ್ಲಿದ್ದರು. ವಿಲನ್ ಎದುರಿಗಿದ್ದರೆ ಹೊಡೆಯಬಹುದು. ಇಲ್ಲಿ ವಿಲನ್ನೇ ಇಲ್ಲ, ಬರೀ ಕೌಂಟರ್! ನಾಳೆ ಬನ್ನಿ, ನಾಳೆ ಬನ್ನಿ ಎನ್ನುತ್ತಲೇ ಮೂವತ್ತನೇ ದಿನ ಬಂದುಬಿಟ್ಟಿತು.

ಅವತ್ತು ಕೌಂಟರಿನಲ್ಲಿದ್ದವರು ದಾಕ್ಷಾಯಣಿ ಮೇಡಂ. ಅರ್ಜಿ ಓದಿ ಕನ್ನಡಕದ ಮೇಲಿಂದ ನೋಡಿದರು.

“ವಿಚಾರಣೆಗೆ ಯಾಕ್ರೀ ಹೋಗ್ಲಿಲ್ಲ?”

“ನೋಟಿಸೇ ಬರ್ಲಿಲ್ಲ ಮೇಡಂ,” ಅಂದ ಮಾವ.

“ಎಲ್ರೂ ಹೇಳೋದು ಇದನ್ನೇ. ಹಂಗಾದ್ರೆ ಇದೇನು?”

ಫೈಲಿನಿಂದ ಒಂದು ಕಾರ್ಡು ತೆಗೆದು ನಮ್ಮ ಕಡೆ ತಿರುಗಿಸಿ ಇಟ್ಟರು. ನೋಟಿಸ್ ಕೊಟ್ಟಾಗ ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡ ಕಾರ್ಡು. ಅದರಲ್ಲಿ ಉದ್ದ ಬಾಲದ ‘ಗು’. ಕೆಳಗೊಂದು ಗೆರೆ. ಎರಡು ನಕ್ಷತ್ರ.

ಮಾವ ಕಾರ್ಡು ನೋಡಿದ. ನನ್ನನ್ನು ನೋಡಿದ. ಮತ್ತೆ ಕಾರ್ಡು ನೋಡಿದ.

“ನಂದೇ ಸೈನು ಮೇಡಂ. ಮರ್ತೋಗಿತ್ತು.”

“ಪುಟ್ಟಣ್ಣ ಅನ್ನೋ ಹೆಸ್ರಿಗೆ ಈ ರಂಗೋಲಿನಾ?”

“ಚಿಕ್ಕಂದಿನ ಅಭ್ಯಾಸ.”

“ಸರಿ. ಹಾಗಾದ್ರೆ ನೋಟಿಸ್ ಸಿಕ್ಕಿದೆ, ನೀವೇ ಬಂದಿಲ್ಲ. ಈ ಅರ್ಜಿ ನಿಲ್ಲಲ್ಲ. ಇನ್ನೇನಾದ್ರೂ ಕಾರಣ ಇದ್ರೆ ಐದು ಗಂಟೆಯೊಳಗೆ ತನ್ನಿ. ನಾಳೆ ಬಂದ್ರೆ ನಾನ್ ಮುಟ್ಟಲ್ಲ.”

ಹೊರಗೆ ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಮಾವ ಕೂತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಯಾಕ್ ಮಾವ ಸುಳ್ಳು ಹೇಳ್ದೆ?”

“ಬೇರೆಯವ್ರ ನೋಟಿಸ್ ಮುಚ್ಚಿಟ್ಟ ಅಂತ ನಿನ್ಮೇಲೆ ಕೇಸ್ ಆಕಿದ್ರೆ? ನಿಮ್ಮಮ್ಮನ ಮುಂದೆ ನಾನೆಂಗ್ಲಾ ನಿಲ್ಲೋದು?” ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಿಟ್ಟಿದೀಯ ಅದ್ನ?” ಎಂದ.

ಉತ್ತರಕ್ಕೆ ಕಾಯದೆ ಮುರುಗೇಶನಿಗೆ ಫೋನ್ ಮಾಡಿದ. ಈ ಒಂದು ತಿಂಗಳು ಮಾವನ ವ್ಯಾನ್ ಓಡಿಸುತ್ತಿದ್ದವನು ಮುರುಗೇಶ.

“ರೂಟ್ ನೀನೇ ಇಟ್ಕೊಳಪ್ಪ. ಸ್ಕೂಲ್ನೋರಿಗೆ ನಾನೇ ಏಳ್ತೀನಿ. ನೋಡು, ಕೊನೇ ಸ್ಟಾಪಿನ ಮಹತೀನ ಹಿಂದಿನ್ ಸೀಟಲ್ಲಿ ಕೂರಿಸ್ಬೇಡ, ವಾಂತಿ ಮಾಡ್ಕೊಂತಾಳೆ. ಕಿಟಕಿ ಪಕ್ಕ ಕೂರ್ಸು.”

ನಾನು ಎದ್ದು ಒಳಗೆ ಹೋದೆ. ಗೋಡೆಯ ಗಡಿಯಾರ ನಾಲ್ಕು ಐವತ್ತು ತೋರಿಸುತ್ತಿತ್ತು. ಬಾಯಲ್ಲಿ ಬಂದದ್ದು ಇಷ್ಟೇ: “ಮೇಡಂ, ಆ ಸೈನ್ ನಂದು.”

ಅವರು ಒಂದು ಬಿಳಿ ಹಾಳೆ ತಳ್ಳಿದರು. “ಬರ್ದು ಕೊಡು. ಸೈನು ಕಾರ್ಡಲ್ಲಿರೋ ಥರಾನೇ ಹಾಕು, ಹೋಲಿಸ್ಬೇಕು.”

ಸಾವಿರ ಸಲ ಹಾಕಿದ ಸಹಿ. ಅವತ್ತು ನಕ್ಷತ್ರಕ್ಕೆ ನಾಲ್ಕೇ ಮೂಲೆ ಬಂದವು. ಮೇಡಂ ತಾರೀಖಿನ ಸೀಲು ಒತ್ತಿದರು. “ವಿಚಾರಣೆಗೆ ದಿನ ಕೊಡ್ತಾರೆ. ಲೈಸೆನ್ಸ್ ಕೊಡ್ತಾರೆ ಅಂತ ನಾನ್ ಹೇಳಿಲ್ಲ. ಅವತ್ತು ನೀನೂ ಬರ್ಬೇಕು.”

ಆ ಹಾಳೆಯಲ್ಲಿ ಬರೆದದ್ದನ್ನು ನಿಮಗೂ ಹೇಳಿಬಿಡುತ್ತೇನೆ. ನೋಟಿಸ್ ತೆಗೆದುಕೊಂಡವನು ನಾನು. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ವಿಲನ್ ದನಿಯಲ್ಲಿ ಓದಿ ಮಾವನನ್ನು ಬೆಚ್ಚಿಬೀಳಿಸೋಣವೆಂದು ಬಚ್ಚಿಟ್ಟೆ. ಆ ಭಾನುವಾರ ಅಬ್ಬಿಗೆರೆಗೆ ಮ್ಯಾಚ್ ಆಡಲು ಹೋದೆ, ಮರೆತೆ. ಆದೇಶ ಬಂದ ದಿನವೇ ನೆನಪಾಗಿತ್ತು, ಹೇಳುವ ಧೈರ್ಯ ಬರಲಿಲ್ಲ. ಹಾಳೆಯಲ್ಲಿ ಬರೆಯದ ಒಂದು ಮಾತು ಉಳಿದಿದೆ. ನೋಟಿಸ್ ಇದ್ದದ್ದು ನನ್ನ ಬೈಕಿನ ಸೀಟಿನ ಕೆಳಗೆ. ಅಷ್ಟೂ ದಿನ ಮಾವ ಅದರ ಮೇಲೆಯೇ ಕೂತು ಬರುತ್ತಿದ್ದ.