ಐದೂವರೆ ತಾಸು

ಅಘನಾಶಿನಿ ಊರಿನಲ್ಲಿ ದೋಣಿ ಕಟ್ಟುವ ಧಕ್ಕೆಯ ಎದುರಿಗೆ ಸುಚಿತಾಳ ಝೆರಾಕ್ಸ್ ಅಂಗಡಿ. ಹೊರಗೆ ಒಂದು ಕಪ್ಪು ಹಲಗೆ ಇದೆ. ಪಹಣಿ ತೆಗೆದುಕೊಡಲಾಗುತ್ತದೆ, ಆಧಾರ್ ಅರ್ಜಿ ತುಂಬಲಾಗುತ್ತದೆ ಎಂದೆಲ್ಲ ಬರೆಯಲಿಕ್ಕೆ ತಂದದ್ದು. ಮೂರು ವರ್ಷದಿಂದ ಅದರ ಮೇಲೆ ಗಾಳಿಯ ಸಮಾಚಾರ ಬಿಟ್ಟು ಬೇರೇನೂ ಬರೆದದ್ದಿಲ್ಲ. ಕಂಪ್ಯೂಟರಿನಲ್ಲಿ ಅವಳೊಂದು ಪ್ರೋಗ್ರಾಮ್ ಹಾಕಿಸಿಕೊಂಡಿದ್ದಳು. ತೆರೆದರೆ ಪ್ರಪಂಚದ ನಕಾಶೆ ಬರುತ್ತದೆ, ಸಮುದ್ರದ ಮೇಲೆಲ್ಲ ಗಾಳಿ ಸಣ್ಣ ಬಿಳಿ ಗೆರೆಗಳಾಗಿ ಹರಿಯುತ್ತದೆ. ಕೆಳಗಿನ ಪಟ್ಟಿಯನ್ನು ಮುಂದೆ ಎಳೆದರೆ ನಾಳೆ, ನಾಡಿದ್ದು ಆ ಗಾಳಿ ಎಲ್ಲಿರುತ್ತದೆ ಎಂಬುದೂ ಕಾಣುತ್ತದೆ. ಮೊದಮೊದಲು ಜಪಾನಿನ ಬಿರುಗಾಳಿ, ಫಿಲಿಪೀನ್ಸಿನ ಬಿರುಗಾಳಿ ಅಂತ ನೋಡುತ್ತ ಹೊತ್ತು ಕಳೆಯುತ್ತಿದ್ದಳು. ಅಂಗಡಿಗೆ ಬಂದವರು, ಜಪಾನಿನವರ ಹಂಚು ಹಾರಿದರೆ ನಿನಗೆಂತ ಮಾರಾಯ್ತಿ ಎಂದು ನಗುತ್ತಿದ್ದರು.

ನಗುವುದು ಬಿಟ್ಟವರು ಮೊದಲು ಬಳಚು ಹೆಕ್ಕುವ ಹೆಂಗಸರು. ಬಳಚು ಎಂದರೆ ನದಿಯ ಕೆಸರಿನಲ್ಲಿ ಹುಗಿದುಕೊಂಡಿರುವ ಚಿಪ್ಪು. ನೀರು ಇಳಿದಾಗ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ದಿಬ್ಬಗಳು ಮೇಲೆ ಬರುತ್ತವೆ, ಆಗ ಹೋಗಿ ಕೈಯಿಂದ ಬಗೆದು ಹೆಕ್ಕಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕಟ್ಟಿದವನು ಅಘನಾಶಿನಿಗೆ ಬಂದಿರಲಿಕ್ಕಿಲ್ಲ. ಇಲ್ಲಿ ಸೊಂಟದವರೆಗೂ ಕೆಸರಾಗುತ್ತದೆ, ಮೊಸರು ಮಾತ್ರ ಬೇರೆಯವರ ಬಾಯಿಗೆ. ಚಂಡಮಾರುತದ ಸುದ್ದಿ ಬಂದಾಗ ಬಂದರಿನ ಮೈಕು ಕೂಗುವುದು "ಯಾರೂ ಸಮುದ್ರಕ್ಕೆ ಇಳಿಯಬಾರದು" ಎಂದು. ಈ ಹೆಂಗಸರು ಇಳಿಯುವುದು ನದಿಗೆ. ಮೈಕಿನವರ ಲೆಕ್ಕದಲ್ಲಿ ಅವರು ಇರಲೇ ಇಲ್ಲ. ಹಾಗಾಗಿ ಸುಚಿತಾ ಹಲಗೆಯ ಮೇಲೆ "ಇವತ್ತು ಗಾಳಿ, ಇಳಿಯಬೇಡಿ" ಎಂದು ಬರೆದರೆ ಅವರು ಇಳಿಯುತ್ತಿರಲಿಲ್ಲ, ಬರೆಯದಿದ್ದರೆ ಇಳಿಯುತ್ತಿದ್ದರು. ಮೂರು ವರ್ಷದಲ್ಲಿ ಒಮ್ಮೆಯೂ ಅದು ತಪ್ಪಿರಲಿಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಆ ದಿನ ಮೇ ತಿಂಗಳ ಅಮಾವಾಸ್ಯೆ. ಬೆಳಿಗ್ಗೆ ಎಂಟಕ್ಕೆ ಅವಳು ಹಲಗೆ ಒರೆಸಿ "ಇಳಿಯಬೇಡಿ" ಎಂದು ಬರೆಯುತ್ತಿದ್ದಾಗಲೇ ಗಂಗಿ ಬಂದಳು. ಹತ್ತು ಹೆಂಗಸರ ಗುಂಪಿಗೆ ಗಂಗಿಯೇ ಹಿರಿಯಳು. ಐವತ್ತು ದಾಟಿದವಳು, ಮಾತಿನಲ್ಲಿ ಯಾರಿಗೂ ಸೋತವಳಲ್ಲ.

"ತಂಗಿ, ಬರೇ ದಿನ ಹೇಳಿದ್ರೆ ಆಗೂದಿಲ್ಲ. ಎಷ್ಟ್ ಗಂಟೆಗೆ ಬತ್ತದೆ ಹೇಳು" ಎಂದಳು. "ಇವತ್ತು ಅಮಾಸಿ ಇಳಿತ. ಸಂಜೆ ಐದಕ್ಕೆ ದಿಬ್ಬ ಪೂರಾ ಮೇಲೆ ಬತ್ತದೆ. ಇಂಥಾ ಇಳಿತ ಮತ್ತೆ ಸಿಗೂದಿಲ್ಲ. ಮುಂದಿನ ವಾರ ಮಳೆ ಹಿಡಿದ್ರೆ ದಸರೆ ತನಕ ಕೈ ಕಟ್ಟಿ ಕೂರೂದೇ."

ಅದು ಸುಚಿತಾಳಿಗೂ ಗೊತ್ತಿತ್ತು. ಅಲ್ಲಿಯವರೆಗೆ ಅವಳು ಯಾರಿಗೂ ಗಂಟೆ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಒಳಗೆ ಹೋಗಿ ಪಟ್ಟಿಯನ್ನು ಸ್ವಲ್ಪಸ್ವಲ್ಪವೇ ಎಳೆದು ನೋಡಿದಳು. ಬಿರುಗಾಳಿಯ ಕೆಂಪು ಸುಳಿ ಕುಮಟೆಯ ಕರಾವಳಿಗೆ ಬಂದು ತಾಗುವಾಗ ಪಟ್ಟಿಯ ಮೇಲೆ ಹನ್ನೆರಡು ಎಂದಿತ್ತು. ಪಕ್ಕದಲ್ಲಿ ಮೂರು ಇಂಗ್ಲಿಷ್ ಅಕ್ಷರ. ಪ್ರೋಗ್ರಾಮ್ ಮಾಡಿದ ಕಂಪನಿಯ ಹೆಸರಿರಬೇಕು ಎಂದು ಅವಳು ಅವತ್ತಿನವರೆಗೂ ನಂಬಿದ್ದಳು.

"ಹನ್ನೆರಡು ಗಂಟೆಗೆ ಗಂಗಕ್ಕ. ಮೂರು ತಾಸಿನ ಒಳಗೆ ದಾಟಿ ಹೋಗ್ತದೆ."

"ಆತು ಹಾಂಗಾದ್ರೆ. ಅದು ಹೋದ ಮೇಲೆ ಇಳಿತೇವೆ" ಎಂದು ಗಂಗಿ ಸಮಾಧಾನದಿಂದ ಹೋದಳು.

ಹನ್ನೆರಡಾಯಿತು. ತೆಂಗಿನ ಗರಿಯೂ ಅಲುಗಲಿಲ್ಲ. ಒಂದಾಯಿತು, ಬಿಸಿಲು ಇನ್ನಷ್ಟು ಏರಿತು. ಎರಡೂವರೆಗೆ ಬುಟ್ಟಿ ಹಿಡಿದ ಹೆಂಗಸರು ಅಂಗಡಿಯ ಎದುರಿಂದಲೇ ಸಾಲಾಗಿ ಹೋದರು. ಗುಂಪಿನಲ್ಲಿ ಬಾಯಿ ಜೋರಿನವಳು ಮಾಲತಿ. ಅವಳು ಬಾಗಿಲಲ್ಲಿ ನಿಂತು, "ಗಾಳಿ ಗೋಕರ್ಣಕ್ಕೆ ಹೋಗಿ ಕೈಮುಗ್ದು ಬತ್ತದೋ ಏನೋ ಕೇಳೆ ನಿನ್ನ ಪೆಟ್ಟಿಗೆಗೆ" ಎಂದಳು. ಎಲ್ಲರೂ ನಕ್ಕರು. ಸುಚಿತಾಳೂ ನಕ್ಕಳು, ಮುಖ ಮಾತ್ರ ಬಿಸಿಯಾಯಿತು. ಸುಳಿ ಪಕ್ಕಕ್ಕೆ ಹೊರಳಿ ಹೋಗಿರಬೇಕು, ಹಾಗೆ ಆಗುವುದುಂಟು ಎಂದು ತನಗೆ ತಾನೇ ಹೇಳಿಕೊಂಡಳು. ಶ್ರೀಧರನ ದೋಣಿ ಹತ್ತು ಮಂದಿಯನ್ನು ಹತ್ತಿಸಿಕೊಂಡು ಅಳಿವೆಯ ಕಡೆ ಹೊರಟಿತು. ಹುಟ್ಟು ಹಾಕಿಕೊಂಡು ದಿಬ್ಬ ಮುಟ್ಟಲು ಮುಕ್ಕಾಲು ತಾಸು ಬೇಕು.

ಅವಳಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ಪಹಣಿ ತೆಗೆದುಕೊಟ್ಟು ಮತ್ತೆ ನಕಾಶೆ ತೆರೆದಳು. ಸುಳಿ ಹೊರಳಿರಲಿಲ್ಲ. ನೇರ ಇತ್ತಲೇ ಬರುತ್ತಿತ್ತು, ಇನ್ನೂ ಸಮುದ್ರದಲ್ಲೇ ಇತ್ತು. ಪಟ್ಟಿಯ ಮೇಲೆ "ಈಗ" ಎಂದು ತೋರಿಸುವ ಒಂದು ಗೀಟು ಇರುತ್ತದೆ. ಆ ಗೀಟು ನಿಂತದ್ದು ಹತ್ತು ಗಂಟೆ ಇಪ್ಪತ್ತು ನಿಮಿಷದ ಮೇಲೆ. ಕಂಪ್ಯೂಟರ್ ಬೆಳಿಗ್ಗೆಯೇ ಸಿಕ್ಕಿಹಾಕಿಕೊಂಡಿದೆ ಎಂದುಕೊಂಡು ಗೋಡೆಯ ಗಡಿಯಾರ ನೋಡಿದಳು. ಮೂರು ಐವತ್ತು. ನೋಡುತ್ತಿದ್ದಂತೆ ಗಡಿಯಾರದಲ್ಲಿ ಐವತ್ತೊಂದಾಯಿತು, ಗೀಟೂ ಇಪ್ಪತ್ತೊಂದಕ್ಕೆ ಸರಿಯಿತು.

ಬೆರಳು ಮಡಚಿ ಎಣಿಸಿದಳು. ಐದೂವರೆ ತಾಸು. ಭಾರತದ ಸಮಯ ಗ್ರೀನ್‌ವಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಎಂದು ಕುಮಟೆಯ ಹೈಸ್ಕೂಲಿನಲ್ಲಿ ಗುರುದತ್ತ ಮಾಸ್ತರರು ಬಾಯಿಪಾಠ ಮಾಡಿಸಿದ್ದರು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿದ್ದರು, ಅವಳಿಗೆ ಎರಡೂ ಸಿಕ್ಕಿತ್ತು. ಪಟ್ಟಿಯ ಪಕ್ಕದ ಮೂರು ಅಕ್ಷರ ಕಂಪನಿಯ ಹೆಸರಲ್ಲ, ಆ ಗ್ರೀನ್‌ವಿಚ್ ಸಮಯದ ಗುರುತು. ಹನ್ನೆರಡು ಅಂದರೆ ಇಲ್ಲಿಯ ಹನ್ನೆರಡಲ್ಲ. ಇಲ್ಲಿ ಅದು ಸಂಜೆ ಐದೂವರೆ. ದಿಬ್ಬ ಪೂರ್ತಿ ಮೇಲೆ ಬಂದಿರುವ ಹೊತ್ತಿಗೆ, ಹತ್ತು ಮಂದಿ ಬಾಗಿ ಕೆಸರು ಬಗೆಯುವ ಹೊತ್ತಿಗೆ.

ಶ್ರೀಧರನಿಗೆ ಫೋನ್ ಮಾಡಿದಳು. ಹೆಂಗಸರು ಮೊಬೈಲನ್ನು ನೀರಿಗೆ ಒಯ್ಯುವುದಿಲ್ಲ. ದೋಣಿಯಲ್ಲಿ ಇರುವುದು ಶ್ರೀಧರನದ್ದು ಒಂದೇ, ಅದೂ ಪ್ಲಾಸ್ಟಿಕ್ ಚೀಲದಲ್ಲಿ. ಅವನು ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ.

"ಗಾಳಿ ಬರೂದು ಐದೂವರೆಗೆ. ನಾನು ತಪ್ಪು ನೋಡಿದ್ದು. ಕಂಪ್ಯೂಟರಿನದ್ದು ಲಂಡನ್ ಟೈಮು. ಈಗಲೇ ವಾಪಸ್ ಬನ್ನಿ."

ಗಂಗಿಯ ದನಿ ಬಂತು. "ಲಂಡನ್ನಿಗೆ ಬರೂ ಗಾಳಿಗೆ ನಾವೆಂತಕ್ಕೆ ಹೆದರೂದು ತಂಗಿ?"

ಹೆಂಗಸರ ನಗು ಫೋನಿನಲ್ಲಿ ಕೇಳಿಬಂತು. ಸುಚಿತಾ ಗ್ರೀನ್‌ವಿಚ್ಚು, ರೇಖಾಂಶ ಎಂದೆಲ್ಲ ಹೇಳತೊಡಗಿದಳು. ಹೇಳಿದಷ್ಟೂ ಅವಳ ಕಿವಿಗೇ ಅದು ಸುಳ್ಳುಗಾರ್ತಿಯ ಸಮಜಾಯಿಷಿಯ ಹಾಗೆ ಕೇಳಿಸಿತು. "ಮಧ್ಯಾಹ್ನದ್ದೇ ಬರಲಿಲ್ಲ, ಇನ್ನು ಸಂಜೆದ್ದು. ಬಿಸಲು ಕಾಣು, ಎಷ್ಟ್ ಚೊಲೊ ಉಂಟು. ಇಡ್ತೆ" ಎಂದು ಶ್ರೀಧರ ಫೋನ್ ಇಟ್ಟ.

ಬಿಸಿಲು ನಿಜವಾಗಿಯೂ ಚೆನ್ನಾಗಿತ್ತು. ಧಕ್ಕೆಯಲ್ಲಿ ಬೇರೆ ದೋಣಿ ಇರಲಿಲ್ಲ, ಇದ್ದರೂ ಅವಳ ಮಾತು ಕೇಳಿ ಬಿಡುವವರು ಯಾರು? ಅವಳು ಅಂಗಡಿಯಲ್ಲಿ ಎರಡು ಸಲ ಕೂತಳು, ಎರಡು ಸಲ ಎದ್ದಳು. ನಿಜ ಹೇಳಿದರೆ ಬರುವುದಿಲ್ಲ. ಹಾಗಾದರೆ ಏನು ಹೇಳಿದರೆ ಬರುತ್ತಾರೆ? ಹೀಗೆ ಯೋಚಿಸಿದ ಕೂಡಲೇ ಉತ್ತರ ಹೊಳೆಯಿತು, ಹೊಳೆದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಗಂಗಿಗೆ ಒಬ್ಬನೇ ಮಗ, ಪ್ರವೀಣ. ಹೊನ್ನಾವರದಲ್ಲಿ ಟೈರಿನ ಅಂಗಡಿಯಲ್ಲಿ ಕೆಲಸ, ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ. ಎರಡು ವರ್ಷದ ಹಿಂದೆ ಗಂಗಿಯ ಗಂಡ ತಿಮ್ಮಪ್ಪ ಅದೇ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದ. ಆ ಸುದ್ದಿ ಬಂದದ್ದು ಸುಚಿತಾಳ ಈ ಫೋನಿಗೇ. ಆಗ ಗಂಗಿ ಹೇಗೆ ಓಡಿ ಬಂದಳು ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ದೋಣಿಯೂ ಒಂದೇ. ಗಂಗಿಯನ್ನು ದಡ ಮುಟ್ಟಿಸಿ ಮತ್ತೆ ದಿಬ್ಬಕ್ಕೆ ಹೋಗುವುದರೊಳಗೆ ಭರತದ ನೀರು ಏರತೊಡಗುತ್ತದೆ, ಉಳಿದವರು ಅಲ್ಲಿ ನಿಲ್ಲುವ ಹಾಗಿಲ್ಲ. ಒಬ್ಬಳು ಹೊರಟರೆ ಹತ್ತೂ ಮಂದಿ ಹೊರಡಬೇಕು.

ನಾಲ್ಕು ಗಂಟೆ ಐದು ನಿಮಿಷಕ್ಕೆ ಅವಳು ಮತ್ತೆ ಫೋನ್ ಮಾಡಿದಳು. "ಶ್ರೀಧರಣ್ಣ, ಸ್ಪೀಕರಿಗೆ ಹಾಕಬೇಡ. ಪ್ರವೀಣನ ಬೈಕಿಗೆ ಹೊನ್ನಾವರದ ಸೇತುವೆ ಹತ್ತಿರ ಪೆಟ್ಟಾಗಿದೆ. ಆಸ್ಪತ್ರೆಗೆ ಹಾಕಿದ್ದಾರೆ. ಗಂಗಕ್ಕನ್ನ ಕರ್ಕೊಂಡು ಬಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳು ಆಡಿ ಮುಗಿಸಿದ್ದಳು. ಶ್ರೀಧರ ಒಂದೂ ಪ್ರಶ್ನೆ ಕೇಳಲಿಲ್ಲ. ನಿಜಕ್ಕೆ ನೂರು ಸಾಕ್ಷಿ ಕೇಳಿದವನು ಸುಳ್ಳನ್ನು ಒಂದೇ ಮಾತಿಗೆ ನಂಬಿದ.

ಮುಕ್ಕಾಲು ತಾಸಿನ ದಾರಿಯನ್ನು ಅವರು ಅರ್ಧ ತಾಸಿನಲ್ಲಿ ಬಂದರು. ಬುಟ್ಟಿ, ಹೆಕ್ಕಿದ ಬಳಚು ಎಲ್ಲವನ್ನೂ ದಿಬ್ಬದಲ್ಲೇ ಬಿಟ್ಟು, ಹೆಂಗಸರೂ ಹುಟ್ಟಿಗೆ ಕೈ ಹಾಕಿದ್ದರಂತೆ. ದೋಣಿ ನಿಲ್ಲುವ ಮೊದಲೇ ಗಂಗಿ ನೀರಿಗೆ ಹಾರಿದಳು. ಅಂಗಡಿಗೆ ಬಂದಾಗ ಅವಳ ಸೊಂಟದವರೆಗೂ ಕೆಸರು, ಉಸಿರು ಸಿಗುತ್ತಿರಲಿಲ್ಲ.

"ಮಾತಾಡ್ತಾನಾ ಅಂವ?"

"ಗೊತ್ತಿಲ್ಲ ಗಂಗಕ್ಕ. ಕಾರಿಗೆ ಹೇಳಿದ್ದೇನೆ. ಈಗ ಬರ್ತದೆ. ಕೂತ್ಕೊ."

ಸುಚಿತಾ ಹಾಕಿದ ಲೆಕ್ಕದಲ್ಲಿ ಈ ಭಾಗ ಇರಲೇ ಇಲ್ಲ. ದೋಣಿ ದಡಕ್ಕೆ ಬಂದರೆ ಮುಗಿಯಿತು ಎಂದುಕೊಂಡಿದ್ದಳು. ಈಗ ನಿಜ ಹೇಳಿದರೆ ಅವರು ಬೈದು ಮತ್ತೆ ದೋಣಿ ಹತ್ತುತ್ತಾರೆ, ಇಳಿತ ಇನ್ನೂ ಇದೆ, ಬುಟ್ಟಿ ಅಲ್ಲೇ ಇದೆ. ಸುಳ್ಳನ್ನು ಐದೂವರೆಯವರೆಗೆ ನಿಲ್ಲಿಸಬೇಕು, ಅದೂ ತಾಯಿಯ ಮುಖದ ಎದುರಿಗೆ.

"ಅಂವಗೆ ಒಂದ್ ಫೋನ್ ಹಚ್ಚೆ ತಂಗಿ. ಯಾರಾದ್ರೂ ಎತ್ತಿದ್ರೆ ಸಾಕು." ಪ್ರವೀಣನ ನಂಬರು ಸುಚಿತಾಳ ಮೊಬೈಲಿನಲ್ಲಿ ಇತ್ತು. ಅವಳು ಅದನ್ನು ಒತ್ತಲಿಲ್ಲ. ಬರೀ ಮೊಬೈಲನ್ನು ಕಿವಿಗೆ ಹಿಡಿದು ನಿಂತಳು. ಗಂಗಿ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಹತ್ತೂದಿಲ್ಲ ಗಂಗಕ್ಕ."

"ಮತ್ತೊಂದ್ ಸಲ ಹಚ್ಚು."

ಮತ್ತೊಂದು ಸಲ ಹಿಡಿದಳು. ಮೂರನೇ ಸಲ ಹಿಡಿದಳು. ಗಂಗಿ ಅಳಲಿಲ್ಲ. ಬಾಗಿಲ ಹತ್ತಿರ ನೆಲದಲ್ಲಿ ಕೂತು, ಕೈಯ ಕೆಸರನ್ನು ಉಗುರಿನಿಂದ ಸಣ್ಣಸಣ್ಣಗೆ ಕೆರೆದು ತೆಗೆಯುತ್ತಿದ್ದಳು. ಆಸ್ಪತ್ರೆಗೆ ಹೋಗುವವಳ ಕೈ ಚೊಕ್ಕ ಇರಬೇಕು ಎಂಬಂತೆ. ಅದನ್ನು ನೋಡುವುದು ಸುಚಿತಾಳಿಂದ ಆಗಲಿಲ್ಲ. ಹೊರಗೆ ಆಕಾಶ ನೋಡಿದಳು. ಪಡುವಣದಲ್ಲಿ ಒಂದು ಬೂದಿ ಬಣ್ಣದ ಅಂಚು ಬಿಟ್ಟರೆ ಏನೂ ಇಲ್ಲ. ಗಾಳಿ ಬರಲಿ ಎಂದು ಅವಳು ಬೇಡಿಕೊಂಡಳು. ಮೂರು ವರ್ಷ ಬರಬಾರದು ಎಂದೇ ಬೇಡಿಕೊಂಡವಳು. ಬರದಿದ್ದರೆ ತಾನು ಈ ಊರಿನಲ್ಲಿ ಯಾರ ಮುಖವನ್ನೂ ನೋಡುವ ಹಾಗಿಲ್ಲ.

ಅವಳಿಗೆ ತಿಳಿಯದ ಹಾಗೆ ಮಾಲತಿ ಗುಡ್ಡದ ಮೇಲಿನ ಗಂಗಿಯ ಮನೆಗೆ ಓಡಿದ್ದಳು. ಐದು ಇಪ್ಪತ್ತಕ್ಕೆ ಗಂಗಿಯ ಮೊಬೈಲ್ ಹಿಡಿದು ಏದುಸಿರು ಬಿಡುತ್ತ ಬಂದಳು. ಕಿವಿಗೆ ಹಚ್ಚಿಯೇ ಬಂದಿದ್ದಳು. "ಎತ್ತಿದ, ಗಂಗಕ್ಕ. ಅಂವನೇ ಎತ್ತಿದ" ಎಂದು ಕೊಟ್ಟಳು.

ಗಂಗಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಳು. ಆ ಕಡೆಯಿಂದ ಪ್ರವೀಣ "ಎಂತಾ ಆಯಿ, ಎಂತಾ ಆತು?" ಎಂದು ಕೇಳುತ್ತಿದ್ದದ್ದು ಎಲ್ಲರಿಗೂ ಕೇಳಿತು. ಗಂಗಿ "ಉಂಡ್ಯಾ ಮಗಾ?" ಎಂದಳು. ಅವನು ಉಂಡೆ ಎಂದಿರಬೇಕು. ಅವಳು ಫೋನ್ ಇಟ್ಟಳು.

ಎಲ್ಲರೂ ಸುಚಿತಾಳ ಕಡೆ ತಿರುಗಿದರು. ಅವಳು ಹೇಳಿದಳು, ಇದ್ದದ್ದನ್ನು ಇದ್ದ ಹಾಗೆ. ಮಾಲತಿ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಶ್ರೀಧರ ಏನೂ ಬೈಯಲಿಲ್ಲ, "ಬುಟ್ಟಿಯನ್ನಾದ್ರೂ ತಕೊಂಡು ಬರುವಾ" ಎಂದು ಧಕ್ಕೆಗೆ ಇಳಿದು ಹಗ್ಗಕ್ಕೆ ಕೈ ಹಾಕಿದ. ನಾಲ್ಕು ಹೆಂಗಸರು ಅವನ ಹಿಂದೆ ಹೋದರು.

ಅವನು ಹಗ್ಗ ಬಿಚ್ಚುವಷ್ಟರಲ್ಲಿ ಗಾಳಿ ಬಂತು. ಐದು ಮೂವತ್ತೆಂಟು. ಮೊದಲು ಅಳಿವೆಯ ನೀರು ಬೆಳ್ಳಗಾಯಿತು, ಆಮೇಲೆ ದಿಬ್ಬ ಕಾಣದಾಯಿತು, ಆಮೇಲೆ ಎದುರು ದಡವೇ ಕಾಣದಾಯಿತು. ಶ್ರೀಧರನೂ ಹೆಂಗಸರೂ ಕೈಕೈ ಹಿಡಿದುಕೊಂಡು ತೆವಳುತ್ತ ಅಂಗಡಿಗೆ ಬಂದು ಬಿದ್ದರು. ದೋಣಿ ಎರಡು ಸಲ ಎದ್ದು ಬಿದ್ದು ಧಕ್ಕೆಯ ಕಲ್ಲಿಗೆ ಬಡಿದು ಮಗುಚಿತು. ಕರೆಂಟು ಹೋಯಿತು, ಮಾಡಿನ ಶೀಟು ಕಿತ್ತು ಹೋಗುವ ಹಾಗೆ ಬಡಿದುಕೊಳ್ಳುತ್ತಿತ್ತು. ಸಣ್ಣ ಕೋಣೆಯಲ್ಲಿ ಹನ್ನೆರಡು ಮಂದಿ ಒಬ್ಬರಿಗೊಬ್ಬರು ಒತ್ತಿ ಕೂತು, ಆ ದಿಬ್ಬದಲ್ಲಿ ತಾವಿದ್ದಿದ್ದರೆ ಎಂದು ಯೋಚಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಮಾಲತಿ ಸುಚಿತಾಳ ಕೈ ಹಿಡಿದುಕೊಂಡಳು. "ತಪ್ಪಾತೆ. ನೀನು ಇಲ್ದೇ ಹೋಗಿದ್ರೆ ನಮ್ಮ ಹೆಣನೂ ಸಿಗ್ತಿರಲಿಲ್ಲ." ಉಳಿದವರೂ ಹೌದೆಂದರು. ಒಬ್ಬಳು ಅತ್ತಳು. ಶ್ರೀಧರ ತಲೆ ಎತ್ತದೆ ಕೂತಿದ್ದ.

ಗಂಗಿ ಮಾತ್ರ ಮೂಲೆಯಲ್ಲಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸುಚಿತಾ ಅವಳ ಹತ್ತಿರ ಸರಿದು ಕೂತಳು. "ಬೇರೆ ದಾರಿ ಇರಲಿಲ್ಲ ಗಂಗಕ್ಕ. ನಿಜ ಹೇಳಿದೆ, ನೀವು ಬರಲಿಲ್ಲ."

"ಬರಲಿಲ್ಲ, ಹೌದು" ಎಂದಳು ಗಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಜೀವ ಉಳಿಸಿದೆ ನೀನು. ಅಲ್ಲ ಅಂದವರು ಯಾರು? ಆದ್ರೆ ಒಂದ್ ತಾಸು ನನ್ನ ಮಗ ಸತ್ತಿದ್ದ ತಂಗಿ. ದೋಣಿಯಲ್ಲಿ ಬರಬೇಕಾದ್ರೆ ನಾನು ಅಂವನ ಹೆಣ ಮನೆಗೆ ತಂದಾಗಿತ್ತು."

ಹೊರಗೆ ಏನೋ ದೊಡ್ಡದು ಮುರಿದು ಬಿತ್ತು. ಗಂಗಿ ಆ ಕಡೆ ತಿರುಗಿಯೂ ನೋಡಲಿಲ್ಲ.

"ನಾಳೆ ಮತ್ತೆ ಇಂಥಾದ್ದೇ ಫೋನ್ ಬತ್ತದೆ ಅಂದ್ಕೊ. ನಿನಗೇ ಬತ್ತದೆ, ನಮ್ಮನೆ ಸುದ್ದಿ ಎಲ್ಲ ನಿನಗೇ ಬರೂದಲ್ದಾ? ನೀ ಬಂದು ಹೇಳ್ತಿ. ಅದು ಖರೇನೋ ಸುಳ್ಳೋ, ನಾ ಓಡಬೇಕೋ ಕೂತಿರಬೇಕೋ, ನಾ ಹೇಂಗೆ ತಿಳೂದು?"

ಗಂಗಿ ಉತ್ತರಕ್ಕೆ ಕಾಯದೆ ತಾನೇ ಮಡಿಲಿನ ಮೊಬೈಲ್ ತೆಗೆದು ಮಗನ ನಂಬರನ್ನು ಮತ್ತೆ ಒತ್ತಿದಳು.